ಭೂಮಿ ಹುಣ್ಣಿಮೆ: ಬಸುರಿ ಗದ್ದೆಗೆ ಬಯಕೆಯೂಟ

ಆಶ್ವಯುಜ ಮಾಸದ ಹುಣ್ಣಿಮೆಗೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಎಂದು ಹೆಸರು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಮತ್ತು ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ಬೇಸಾಯದ ಮನೆಗಳಿಗೆ ಇದು ವರ್ಷದ ದೊಡ್ಡ ಹಬ್ಬಗಳಲ್ಲೊಂದು. ಈ ಹಬ್ಬಕ್ಕೆ ಗುಡಿ ಬೇಡ, ಪುರೋಹಿತರು ಬೇಡ. ಗದ್ದೆಯೇ ಗುಡಿ, ಪೈರೇ ದೇವರು, ಮನೆಯ ಹೆಂಗಸರು ರಾತ್ರಿಯಿಡೀ ಎದ್ದಿದ್ದು ಮಾಡಿದ ಅಡುಗೆಯೇ ನೈವೇದ್ಯ. ಆ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ; ಭೂಮಿತಾಯಿ ಬಸುರಿಯಾಗಿದ್ದಾಳೆ ಎಂಬುದು ನಂಬಿಕೆ. ಬಸುರಿ ಹೆಣ್ಣಿಗೆ ತವರಿನವರು ಬಯಕೆಯೂಟ ಹೊತ್ತುಕೊಂಡು ಹೋಗುವ ಹಾಗೆ ರೈತನ ಮನೆಯವರು ಬೆಳಕು ಹರಿಯುವ ಮುಂಚೆ ಗದ್ದೆಗೆ ಊಟ ಹೊತ್ತುಕೊಂಡು ಹೋಗುತ್ತಾರೆ. ಬೇಸಾಯ, ಅಡುಗೆ, ಕುಸುರಿ ಕೆಲಸ ಮೂರನ್ನೂ ಒಂದೇ ಬುಟ್ಟಿಯಲ್ಲಿ ಹೊರುವ ಇಂಥ ಇನ್ನೊಂದು ದಿನ ಕರ್ನಾಟಕದ ಪಂಚಾಂಗದಲ್ಲಿ ಸಿಗುವುದು ಕಷ್ಟ.

ಹೊಡೆ ಎಂಬ ಮಾತು ಗದ್ದೆಯ ಬದುವಿನ ಮೇಲೆ ಹುಟ್ಟಿದ್ದು. ಭತ್ತದ ತೆನೆ ಮೊದಲಿಗೆ ಹೊರಗೆ ಕಾಣುವುದಿಲ್ಲ. ಗಿಡದ ತುದಿಯ ಎಲೆಯ ಬುಡ ಕೊಳವೆಯಂತೆ ಸುತ್ತಿಕೊಂಡಿರುತ್ತದೆ. ತೆನೆ ಬೆಳೆಯುವುದು ಅದರೊಳಗೆ. ದಿನ ಕಳೆದಂತೆ ಆ ಕೊಳವೆ ಉಬ್ಬುತ್ತ ಬರುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದರೆ ಒಳಗಿನ ಎಳೆಯ ತೆನೆ ಮೆತ್ತಗೆ ತಾಗುತ್ತದೆ. ಸುಲಿದು ನೋಡಿದರೆ ಇನ್ನೂ ಹಾಲು ಕಟ್ಟದ, ಬಿಳುಪು ಹಸಿರಿನ ಕಾಳಿನ ಗೊಂಚಲು. ಇದಾಗಿ ಕೆಲವು ದಿನಕ್ಕೆ ತೆನೆ ಹೊರಗೆ ಇಣುಕುತ್ತದೆ. ಬಿಸಿಲೇರಿದ ಮೇಲೆ ಒಂದೊಂದು ಹೂವೂ ಸ್ವಲ್ಪ ಹೊತ್ತು ಬಾಯ್ತೆರೆದು, ತನ್ನದೇ ಪರಾಗದಿಂದ ಫಲ ಹಿಡಿದು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಸುಮಾರು ಒಂದು ತಿಂಗಳಿಗೆ ಕೊಯ್ಲು. ಹೊಡೆಯಿಂದ ಹೂವಿನವರೆಗಿನ ದಿನಗಳು ಭತ್ತಕ್ಕೆ ತೀರಾ ನಾಜೂಕಿನವು. ಆಗ ಗದ್ದೆಯಲ್ಲಿ ನೀರು ಬತ್ತಿದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ನಾಟಿ, ಕಳೆ ಎಲ್ಲ ಮುಗಿದಿರುವ ಆ ಹೊತ್ತಿನಲ್ಲಿ ರೈತನ ಕೈಯಲ್ಲಿ ಉಳಿಯುವುದು ನೀರು ಕಾಯುವ ಕೆಲಸ, ಹಂದಿ ಕಾಯುವ ಕೆಲಸ. ಮಿಕ್ಕಿದ್ದು ಭೂಮಿಗೆ ಬಿಟ್ಟದ್ದು. ಬಯಕೆ ತೀರಿಸುವ ಹಬ್ಬ ಸರಿಯಾಗಿ ಅಲ್ಲಿಗೆ ಬಂದು ಕೂತಿದೆ.

ಚಾಂದ್ರಮಾನದ ಲೆಕ್ಕದಲ್ಲಿ ಈ ಹುಣ್ಣಿಮೆ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತದೆ. 2023ರಲ್ಲಿ ಅದು ಅಕ್ಟೋಬರ್ 28ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 7ಕ್ಕೇ ಬಂತು. ಮೂರು ವಾರದ ಅಂತರವಿದ್ದರೂ ಹೊಡೆ ತುಂಬುವ ಕಾಲಕ್ಕೂ ಹಬ್ಬಕ್ಕೂ ನಂಟು ತಪ್ಪದಿರಲು ಹಳೆಯ ನಾಡ ತಳಿಗಳ ಸ್ವಭಾವವೂ ಒಂದು ಕಾರಣ. ಮಳೆಗಾಲದ ದೀರ್ಘಾವಧಿ ತಳಿಗಳಲ್ಲಿ ಹಲವು ಹಗಲಿನ ಉದ್ದವನ್ನು ಅನುಸರಿಸಿ ತೆನೆ ಬಿಡುತ್ತವೆ. ಬಿತ್ತನೆ ಎಂಟು ದಿನ ಹೆಚ್ಚುಕಡಿಮೆಯಾದರೂ ಹಗಲು ಗಿಡ್ಡವಾಗುತ್ತ ಬಂದಾಗ ಒಟ್ಟೊಟ್ಟಿಗೆ ಹೊಡೆಯಾಗುತ್ತವೆ. ಊರಿಗೆ ಊರೇ ಒಂದೇ ಬೆಳಗ್ಗೆ ಗದ್ದೆಗಿಳಿಯುವ ಹಬ್ಬ ಕಟ್ಟಿಕೊಳ್ಳಲು ಇದರಿಂದ ಅನುಕೂಲವಾಗಿದೆ. ಇಂದಿನ ಅಲ್ಪಾವಧಿ ತಳಿಗಳಿಗೆ ಈ ಗುಣ ಇಲ್ಲ. ಅವು ದಿನ ಎಣಿಸಿ ಮಾಗುತ್ತವೆ; ಹಾಗಾಗಿ ಕೆಲವೆಡೆ ಹಬ್ಬದ ಹೊತ್ತಿಗೆ ತೆನೆ ಬಾಗಿಯೇ ಹೋಗಿರುತ್ತದೆ.

ಹಬ್ಬದ ಕೆಲಸ ಹುಣ್ಣಿಮೆಗೆ ಮೊದಲೇ ಶುರುವಾಗುತ್ತದೆ. ಮಹಾನವಮಿ, ವಿಜಯದಶಮಿ ಕಳೆಯುವ ಹೊತ್ತಿಗೆ ಬುಟ್ಟಿ ಮನೆಯ ಜಗಲಿಗೆ ಬರುತ್ತದೆ. ದಶಮಿಯಿಂದ ಹುಣ್ಣಿಮೆಗೆ ಐದು ದಿನ. ಮನೆಗೆಲಸ, ಕೊಟ್ಟಿಗೆಯ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ಬುಟ್ಟಿ ಸಿಂಗಾರವಾಗಬೇಕು. ಇದೇ ಭೂಮಣ್ಣಿ ಬುಟ್ಟಿ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಗದ್ದೆಯ ಪೂಜೆಗೆ ಬೇಕಾದ ಸಾಮಾನು, ಎಡೆಯ ಅಡುಗೆ ದೊಡ್ಡದರಲ್ಲಿ ಹೋಗುತ್ತದೆ. ಗದ್ದೆಗೆ ಬೀರುವ ಸೊಪ್ಪಿನ ಅಂಬಲಿ, ಅಂದರೆ ಹಚ್ಚಂಬಲಿ, ಚಿಕ್ಕದರಲ್ಲಿ.

ಬಿದಿರಿನ ಬುಟ್ಟಿಯನ್ನು ಹೆಣೆಯುವವರು ಮೇದರು. ಹೆಣಿಗೆಯ ಸಂದು ಮುಚ್ಚಲು ಮೊದಲು ಸಗಣಿ ಬಳಿಯುತ್ತಾರೆ. ಅದು ಒಣಗಿದ ಮೇಲೆ ಕೆಮ್ಮಣ್ಣು. ಜರಡಿ ಹಿಡಿದ ಮಣ್ಣನ್ನು ನೀರಲ್ಲಿ ಕಲಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರದಂತೆ ಬಳಿದಾಗ ಬುಟ್ಟಿ ಮಡಕೆಯಂತೆ ನುಣ್ಣಗಾಗುತ್ತದೆ. ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟೇ ಬಿಳಿ ಬಣ್ಣ. ಕುಂಚ ಪುಂಡಿ ನಾರಿನದು: ನಾರಿನ ಎಳೆಗಳನ್ನು ಸಣ್ಣ ಕಟ್ಟು ಕಟ್ಟಿ, ತುದಿಯನ್ನು ಬಿಡಿಸಿಕೊಳ್ಳುತ್ತಾರೆ. ಬುಟ್ಟಿಯ ಮೈ ದುಂಡಗಿರುವುದರಿಂದ ಗೆರೆ ನೆಟ್ಟಗೆ ಬರುವುದು ಸುಲಭವಲ್ಲ. ಬರೆಯುವ ಹೆಂಗಸು ಬುಟ್ಟಿಯನ್ನು ಮಡಿಲಲ್ಲಿ ಓರೆಯಾಗಿ ಇಟ್ಟುಕೊಂಡು, ಎಡಗೈಯಲ್ಲಿ ಅದನ್ನು ತಿರುಗಿಸುತ್ತ, ಬಲಗೈಯ ಕುಂಚವನ್ನು ಹೆಚ್ಚು ಅಲುಗಿಸದೆ ಹಿಡಿದಿರುತ್ತಾಳೆ. ಓಡುವುದು ಬುಟ್ಟಿ, ನಿಲ್ಲುವುದು ಕೈ. ಹಿಟ್ಟು ಹಸಿಯಿದ್ದಾಗ ಗೆರೆ ಮಂಕಾಗಿ, ಇದೆಯೋ ಇಲ್ಲವೋ ಎಂಬಂತೆ ಕಾಣುತ್ತದೆ. ಅದು ಅಚ್ಚ ಬೆಳ್ಳಗೆ ಎದ್ದು ಬರುವುದು ಒಣಗಿದ ಮೇಲೆ. ಗೆರೆ ತಪ್ಪಿದ್ದೂ ಆಗಲೇ ಗೊತ್ತಾಗುತ್ತದೆ. ಅಳಿಸಿ ಬರೆಯುವ ದಾರಿಯಿಲ್ಲದ್ದರಿಂದ ಕೈ ಪಳಗುವವರೆಗೂ ಹುಡುಗಿಯರು ಅಮ್ಮನ ಪಕ್ಕ, ಅಜ್ಜಿಯ ಪಕ್ಕ ಕೂತು ಚುಕ್ಕಿ ತುಂಬುವ ಕೆಲಸ ಮಾಡುತ್ತಾರೆ.

ಈ ಬರವಣಿಗೆ ಚಿತ್ತಾರ ಎಂಬ ದೊಡ್ಡ ಕಲೆಯ ಒಂದು ಕವಲು. ಸಾಗರ, ಸೊರಬ, ಸಿದ್ದಾಪುರದ ದೀವರ ಸಮುದಾಯದ ಹೆಂಗಸರು ಇದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಮದುವೆಯ ಮನೆಯಲ್ಲಿ ಗಂಡು ಹೆಣ್ಣು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುವುದು ಹಸೆ ಚಿತ್ತಾರ. ಅಲ್ಲಿ ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ ನಾಲ್ಕೂ ಬಳಕೆಯಾಗುತ್ತವೆ. ಗೆರೆಗಳೆಲ್ಲ ಲೆಕ್ಕಾಚಾರದವು: ಎಳೆಗೆ ಎಳೆ ಸರಿಯಾಗಿ, ಚೌಕದೊಳಗೆ ಚೌಕವಾಗಿ ಬರುತ್ತವೆ. ಭತ್ತದ ತೆನೆ, ಏಣಿ, ಬಾಸಿಂಗ, ಜೋಡಿ ಗೊಂಬೆ, ದಂಡಿಗೆ ಇವೆಲ್ಲ ಅದರ ಅಕ್ಷರಮಾಲೆ. ಬುಟ್ಟಿಗೆ ಬಂದಾಗ ಗೋಡೆಯಷ್ಟು ಜಾಗವಿಲ್ಲ. ಆದರೂ ತೆನೆ, ಬಳ್ಳಿ, ಎತ್ತು, ಗಾಡಿ, ಬಿತ್ತುವವರು, ನೆಡುವವರು, ಹಕ್ಕಿಗಳು ಎಲ್ಲ ಸುತ್ತ ಹತ್ತಿಕೊಳ್ಳುತ್ತವೆ. ಬೇಸಾಯದ ಒಂದು ವರ್ಷವನ್ನೇ ಬುಟ್ಟಿಗೆ ಸುತ್ತಿಟ್ಟಂತೆ. ಸಗಣಿ, ಮಣ್ಣು, ಅಕ್ಕಿ, ನಾರು, ಬಿದಿರು ಎಲ್ಲವೂ ಸುತ್ತಲಿನ ಗದ್ದೆ, ಕೊಟ್ಟಿಗೆ, ಕಾಡುಗಳಿಂದಲೇ ಬಂದದ್ದು. ಮಣ್ಣಿಗೆ ಸೇರಿದರೆ ಮಣ್ಣೇ ಆಗುವಂಥದ್ದು. ಈ ಕಲೆಯನ್ನು ಬರೀ ಅಲಂಕಾರ ಎಂದು ನೋಡಿದವರಿಗೆ ಅದರ ಅರ್ಧವಷ್ಟೇ ಕಂಡಿರುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ದೀಪ ಆರುವುದಿಲ್ಲ. ಮಿಂದು, ಒಲೆ ಸಾರಿಸಿ, ಹೆಂಗಸರು ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಕೂರುತ್ತಾರೆ. ಕಡುಬು, ಹೋಳಿಗೆ, ಪಾಯಸ, ಚಿತ್ರಾನ್ನ, ಮೊಸರನ್ನ, ಹಿತ್ತಲಲ್ಲಿ ಬೆಳೆದ ತರಕಾರಿಗಳ ಪಲ್ಯ: ಬಸುರಿ ಏನೇನು ಬಯಸಬಹುದೋ ಅದೆಲ್ಲ. ಮಳೆಗಾಲದ ಕೊನೆಗೆ ಸಿಗುವ ದಪ್ಪ ಸೌತೆಕಾಯಿಯನ್ನು ತುರಿದು ಅಕ್ಕಿತರಿಯ ಜೊತೆ ಬೇಯಿಸಿದ ಕಡುಬು ಈ ಹಬ್ಬದ ವಿಶೇಷ. ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬಿಗೆ ಎಲೆಯದೇ ಒಂದು ಘಮ ಇರುತ್ತದೆ.

ಇಷ್ಟೆಲ್ಲದರ ನಡುವೆ ಒಂದು ಪಾತ್ರೆ ಬೇರೆಯೇ ಒಲೆಯ ಮೇಲಿರುತ್ತದೆ. ಅದು ಹಚ್ಚಂಬಲಿ. ಹೆಸರೇ ಹೇಳುವಂತೆ ಹಸಿರು ಸೊಪ್ಪಿನ ಅಂಬಲಿ. ಹರಿವೆ, ಬಸಳೆ, ಕೆಸು, ಒಂದೆಲಗ, ಹೊನಗೊನ್ನೆ, ಕುಂಬಳದ ಕುಡಿ, ಅಮಟೆ, ಹೀರೆ, ಹಿತ್ತಲಲ್ಲಿ ಇದ್ದದ್ದು, ಬೇಲಿಯಲ್ಲಿ ಹಬ್ಬಿದ್ದು, ಹಕ್ಕಲಿನಲ್ಲಿ ತಾನಾಗಿ ಹುಟ್ಟಿದ್ದು ಎಲ್ಲ ಅದಕ್ಕೆ ಬೀಳುತ್ತದೆ. ನೂರೊಂದು ಬಗೆಯ ಸೊಪ್ಪು ಸೇರಬೇಕು ಎನ್ನುವುದು ಹಿಂದಿನವರ ಮಾತು. ಒಂದು ಮನೆ ನೂರೊಂದು ಎಣಿಸುವುದು ಕಷ್ಟವಾದರೂ ಆ ಎಣಿಕೆ ಮನೆಯವರನ್ನು ಸೊಪ್ಪಿನ ಹುಡುಕಾಟಕ್ಕೆ ಹೊರಡಿಸುತ್ತದೆ. ಯಾವ ಕುಡಿ ತಿನ್ನುವಂಥದ್ದು, ಯಾವುದು ಗಂಟಲು ಕೆರೆಯುತ್ತದೆ, ಯಾವುದು ಬಾಣಂತಿಗೆ ಒಳ್ಳೆಯದು ಎಂಬ ತಿಳಿವಳಿಕೆ ಅಜ್ಜಿಯಿಂದ ಮೊಮ್ಮಗಳಿಗೆ ದಾಟುವುದು ಈ ಹುಡುಕಾಟದಲ್ಲೇ. ಸಸ್ಯಶಾಸ್ತ್ರದ ಪುಸ್ತಕ ಇಲ್ಲದ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಗಿಡಗಳ ಹಾಜರಿ ಇದು. ಹಬ್ಬದ ಬೇರೆಲ್ಲ ಅಡುಗೆಗಿಂತ ಈ ಒಂದು ಪಾತ್ರೆಯ ಬೆಲೆ ಹೆಚ್ಚು ಎಂದರೆ ತಪ್ಪಾಗಲಾರದು.

ಇನ್ನೂ ಕತ್ತಲಿರುವಾಗಲೇ ಮನೆಯವರು ಹೊರಡುತ್ತಾರೆ. ಹುಣ್ಣಿಮೆಯ ಚಂದ್ರ ಪಶ್ಚಿಮಕ್ಕೆ ಇಳಿದಿರುತ್ತಾನೆ, ಗದ್ದೆಯ ಮೇಲೆ ಮಂಜು ಕೂತಿರುತ್ತದೆ. ಬುಟ್ಟಿ ಹೊತ್ತವರು, ದೊಂದಿ ಇಲ್ಲವೇ ಬ್ಯಾಟರಿ ಹಿಡಿದವರು, ಜಾಗಟೆ ಬಾರಿಸುವವರು, ನಿದ್ದೆಗಣ್ಣಿನ ಮಕ್ಕಳು ಕಿರಿದಾದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಸಾಗುತ್ತಾರೆ. ಹಚ್ಚಂಬಲಿಯನ್ನು ಗದ್ದೆಯ ಉದ್ದಗಲಕ್ಕೂ ಬೀರುತ್ತ, ಅದರಲ್ಲಿರುವ ಸೊಪ್ಪು ತರಕಾರಿಗಳ ಹೆಸರು ಹೇಳಿ, ಬಂದು ಉಂಡು ಹೋಗೆಂದು ಭೂಮಿತಾಯಿಯನ್ನು ಕೂಗಿ ಕರೆಯುತ್ತಾರೆ. ಪಕ್ಕದ ಗದ್ದೆಯಿಂದ, ಕಣಿವೆಯಾಚೆಯ ಗದ್ದೆಯಿಂದ ಅದೇ ಕೂಗು ಕೇಳಿಬರುತ್ತದೆ. ಯಾರ ಗದ್ದೆ ಎಲ್ಲಿದೆ ಎಂಬುದು ಆ ಕತ್ತಲಲ್ಲಿ ದನಿಯಿಂದಲೇ ಗೊತ್ತಾಗುತ್ತದೆ.

ಬೆಳಕಾದ ಮೇಲೆ ಪೂಜೆ. ಗದ್ದೆಯ ಒಂದು ಕಡೆ ಬಾಳೆಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ತುಂಬಿ ನಿಂತ ನಾಲ್ಕಾರು ಬುಡ ಪೈರನ್ನು ಸೇರಿಸಿ ಸಿಂಗರಿಸುತ್ತಾರೆ. ಅರಿಶಿನ, ಕುಂಕುಮ, ಹೂವು, ಬಳೆ. ಮನೆಯ ಸೊಸೆಯೋ ಅತ್ತೆಯೋ ತನ್ನ ಕೊರಳ ಮಾಂಗಲ್ಯದ ಸರವನ್ನೇ ತೆಗೆದು ಪೈರಿಗೆ ಹಾಕುತ್ತಾಳೆ. ಪೂಜೆ ಮುಗಿಯುವವರೆಗೆ ಆ ಮಾಂಗಲ್ಯ ಭತ್ತದ್ದು. ಎಡೆಯಲ್ಲಿ ಭೂಮಿತಾಯಿಗೆ ಒಂದು ಪಾಲು, ಕಾಗೆಗೊಂದು, ಇಲಿಗೊಂದು. ಬೆಳೆ ತಿನ್ನುವ ಇಲಿಗೂ ಎಲೆ ಹಾಕಿ ಬಡಿಸುವ ಈ ಪದ್ಧತಿ ಮಲೆನಾಡಿನ ರೈತರ ಮನಸ್ಸಿಗೆ ಸಾಕ್ಷಿ. ಕೆಲವು ಮನೆತನಗಳಲ್ಲಿ ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂತಿಟ್ಟು, ಕೊಯ್ಲಿನ ಹೊತ್ತಿಗೆ ಅದನ್ನು ತೆಗೆದು ಪ್ರಸಾದವಾಗಿ ಹಂಚಿಕೊಳ್ಳುತ್ತಾರೆ. ಕೊನೆಗೆ ಎಲ್ಲರೂ ಬದುವಿನ ಮೇಲೆ ಸಾಲಾಗಿ ಕೂತು ಬಾಳೆಲೆಯಲ್ಲಿ ಉಣ್ಣುತ್ತಾರೆ. ಬಸುರಿಯ ಜೊತೆ ಮನೆಯವರೂ ಉಣ್ಣಬೇಕಲ್ಲ.

ಈ ಗದ್ದೆಗಳ ಜೊತೆಗೆ ಇನ್ನೊಂದು ಚರಿತ್ರೆಯೂ ಇದೆ. ಇಲ್ಲಿ ಭೂಮಿಗೆ ಬಯಕೆಯೂಟ ಬಡಿಸುತ್ತಿದ್ದವರಲ್ಲಿ ಬಹಳ ಮಂದಿಗೆ ಆ ಭೂಮಿ ಸ್ವಂತದ್ದಾಗಿರಲಿಲ್ಲ. ಅವರು ಗೇಣಿದಾರರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ತಕರಾರಿನಿಂದ ಎದ್ದ ರೈತರ ಹೋರಾಟ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪ ಅದರ ಮುಂದಾಳು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಟಕ್ಕೆ ಇಳಿದ ರೈತರಲ್ಲಿ ಹೆಚ್ಚಿನವರು ದೀವರೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣವಾದಾಗ ಶರಾವತಿ ಕಣಿವೆಯ ಎಷ್ಟೋ ಗದ್ದೆಗಳು ನೀರಿನಡಿ ಸೇರಿದವು; ಅಲ್ಲಿಂದ ಎದ್ದು ಹೋದ ಕುಟುಂಬಗಳು ಹೊಸ ಊರಿನ ಹೊಸ ಮಣ್ಣಿಗೆ ಬುಟ್ಟಿ ಹೊರಬೇಕಾಯಿತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಉಳುವವರಿಗೆ ಒಡೆತನ ದಕ್ಕತೊಡಗಿತು. ಬುಟ್ಟಿಯ ಚೆಲುವನ್ನು ಹೊಗಳುವ ಬರಹಗಳಲ್ಲಿ ಈ ಸಂಗತಿ ಬಹಳ ಸಲ ಬಿಟ್ಟುಹೋಗುತ್ತದೆ. ಭೂಮಿಯನ್ನು ತಾಯಿ ಎಂದವರು ಆ ತಾಯಿಯನ್ನು ತಮ್ಮವಳೆಂದು ಹೇಳಿಕೊಳ್ಳಲು ಜೈಲಿಗೆ ಹೋಗಬೇಕಾಯಿತು ಎಂಬುದನ್ನು ಬಿಟ್ಟು ಈ ಹಬ್ಬವನ್ನು ವಿವರಿಸುವಂತಿಲ್ಲ.

ಅದೇ ಹುಣ್ಣಿಮೆ ಉತ್ತರ ಕರ್ನಾಟಕದಲ್ಲಿ ಶೀಗಿ ಹುಣ್ಣಿವಿ. ಅಲ್ಲಿ ಭತ್ತದ ಬದಲು ಮುಂಗಾರಿಯ ಸಜ್ಜೆ, ತೊಗರಿ, ಹತ್ತಿ ಹೊಲದಲ್ಲಿ ನಿಂತಿರುತ್ತವೆ. ಚಕ್ಕಡಿ ಸಿಂಗರಿಸಿ, ಈಗ ಹೆಚ್ಚಾಗಿ ಟ್ರ್ಯಾಕ್ಟರ್ ಹೂಡಿ, ಬಂಧುಬಳಗವನ್ನೆಲ್ಲ ಕರೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಆಮೇಲೆ ಚರಗ ಚೆಲ್ಲುತ್ತಾರೆ. ಒಬ್ಬ ಮುಂದೆ ಮುಂದೆ ಅನ್ನ, ಕಡುಬು, ಪಲ್ಯ ಕಲಸಿದ ಚರಗವನ್ನು ಬೆಳೆಯ ಮೇಲೆ ಎರಚುತ್ತ ಹುಲಿಗ್ಯೋ ಎಂದು ಕೂಗಿದರೆ, ಹಿಂದಿನವನು ನೀರು ಚಿಮುಕಿಸುತ್ತ ಮರುಕೂಗು ಕೊಡುತ್ತಾನೆ. ಹಿಂಗಾರಿ ಜೋಳದ ಸರದಿ ಎರಡು ಮೂರು ತಿಂಗಳ ಮೇಲೆ, ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ. ಬೀದರ್, ಕಲಬುರಗಿ ಕಡೆ ಅವತ್ತು ಹಸಿ ಕಾಳು, ಸೊಪ್ಪು, ತರಕಾರಿಗಳನ್ನೆಲ್ಲ ಕೂಡಿಸಿ ಮಾಡುವ ಭಜ್ಜಿ ಹಚ್ಚಂಬಲಿಯ ಅಕ್ಕನೋ ತಂಗಿಯೋ ಇದ್ದ ಹಾಗೆ. ಅದನ್ನು ಸಜ್ಜೆ ರೊಟ್ಟಿಯ ಜೊತೆ, ಹೊಲದ ನಡುವೆ ಕೂತು, ನೆರೆಯ ಹೊಲದವರನ್ನೂ ಕರೆದು ಉಣ್ಣುತ್ತಾರೆ. ಎರಡೂ ಸೀಮೆಯ ಬೆಳೆ ಬೇರೆ, ಮಾತಿನ ಧಾಟಿ ಬೇರೆ, ಬಯಕೆ ಒಂದೇ.

ತುಳುನಾಡಿನ ಕೆಡ್ಡಸ ಇದಕ್ಕೆ ಹತ್ತಿರದ ಇನ್ನೊಂದು ಆಚರಣೆ. ಫೆಬ್ರವರಿಯ ಆಸುಪಾಸಿನಲ್ಲಿ ಬರುವ ಈ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಎಂದು ನಂಬಿ ಉಳುಮೆ, ಅಗೆತ ನಿಲ್ಲಿಸುತ್ತಾರೆ. ಹುರಿದ ಅಕ್ಕಿ, ಹುರುಳಿ, ಬೆಲ್ಲ, ಕಾಯಿ ಸೇರಿಸಿ ನನ್ನೆರಿ ಮಾಡಿ ಹಂಚುತ್ತಾರೆ. ಒಡಿಶಾದ ರಜ ಹಬ್ಬದಲ್ಲೂ ಇದೇ ನಂಬಿಕೆ. ನೆಲಕ್ಕೆ ಹೆಣ್ಣಿನ ಮೈಯ ಋತುಮಾನ ಕೊಟ್ಟು, ಆ ಲೆಕ್ಕದಲ್ಲಿ ಅದಕ್ಕೆ ಬಿಡುವು, ಊಟ, ಉಪಚಾರ ಗೊತ್ತುಮಾಡಿದ ಹಬ್ಬಗಳಿವು.

ಮಲೆನಾಡಿನಲ್ಲಿ ಈಗ ಕಷ್ಟ ಬಂದಿರುವುದು ಭತ್ತಕ್ಕೇ. ಕೂಲಿ ಸಿಗುವುದಿಲ್ಲ, ಸಿಕ್ಕರೂ ಭತ್ತದ ಬೆಲೆಗೆ ಅದು ಗಿಟ್ಟುವುದಿಲ್ಲ. ಕಾಡುಹಂದಿ, ಮಂಗಗಳ ಕಾಟ ಬೇರೆ. ಗದ್ದೆಗಳಿಗೆ ಕಾಲುವೆ ತೋಡಿ ಅಡಿಕೆ ಹಾಕುತ್ತಾರೆ, ಇಲ್ಲವೇ ಶುಂಠಿಗೆ ಗುತ್ತಿಗೆ ಕೊಡುತ್ತಾರೆ. ವರ್ಷಪೂರ್ತಿ ದುಡಿದವರನ್ನು ಇದಕ್ಕಾಗಿ ದೂರುವಂತಿಲ್ಲ. ಆದರೆ ಗದ್ದೆಯ ಜೊತೆ ಹೋಗುವುದು ಬೆಳೆಯೊಂದೇ ಅಲ್ಲ. ವರದಾ ಬಯಲಿನಲ್ಲಿ ನೆರೆ ನಿಂತರೂ ಕೊಳೆಯದ ನೆರೆಗುಳಿ, ಅಘನಾಶಿನಿಯ ಕೆಳಹರಿವಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೇ ತಡೆದು ಬೆಳೆಯುವ ಕಗ್ಗ, ಪರಿಮಳದ ಗಂಧಸಾಲೆಯಂಥ ತಳಿಗಳು ಉಳಿಯುವುದು ಬಿತ್ತುವವರಿದ್ದರೆ ಮಾತ್ರ. ಕಳೆನಾಶಕ ಬಿದ್ದ ಬದುವಿನಲ್ಲಿ ಒಂದೆಲಗವೂ ಹುಟ್ಟುವುದಿಲ್ಲ, ಹೊನಗೊನ್ನೆಯೂ ಹುಟ್ಟುವುದಿಲ್ಲ. ಹಚ್ಚಂಬಲಿಯ ಎಣಿಕೆ ತಾನಾಗಿ ಇಳಿಯುತ್ತದೆ. ಬುಟ್ಟಿಗೂ ತೊಂದರೆ ತಪ್ಪಿಲ್ಲ. ಕಾಡಿನ ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು ಮೆಳೆಗೆ ಮೆಳೆಯೇ ಒಣಗಿಹೋಗುತ್ತದೆ; ಮತ್ತೆ ಬುಟ್ಟಿಗೆ ಒದಗುವಷ್ಟು ಬೆಳೆಯಲು ವರ್ಷಗಳು ಬೇಕು. 2017ರ ಕಾನೂನು ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಮರ ಎಂಬ ಲೆಕ್ಕದಿಂದ ಹೊರಬಂದು, ಸ್ವಂತ ಜಮೀನಿನ ಬಿದಿರನ್ನು ಕಡಿದು ಸಾಗಿಸುವುದು ಸುಲಭವಾಯಿತು. ಮೇದರ ಹೊಸ ತಲೆಮಾರು ಈ ಕಸುಬಿಗೆ ನಿಲ್ಲುತ್ತದೆಯೇ ಎಂಬುದು ಕಾನೂನಿನ ಕೈಯಲ್ಲಿಲ್ಲ.

ಈ ಕುಸಿತಕ್ಕೆ ಉತ್ತರವಾಗಿ ಹಬ್ಬ ಮನೆಯಿಂದ ಸಭಾಂಗಣಕ್ಕೂ ಬಂದಿದೆ. ಹುಣ್ಣಿಮೆಯ ಆಸುಪಾಸಿನಲ್ಲಿ ದೀವರ ಸಮುದಾಯದ ಸಂಘಟನೆಗಳು ಭೂಮಣ್ಣಿ ಬುಟ್ಟಿಯ ಸ್ಪರ್ಧೆ, ಚಿತ್ತಾರದ ಪ್ರದರ್ಶನ ನಡೆಸುತ್ತವೆ. ಪೇಟೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಅಜ್ಜಿಯ ಮನೆಯಲ್ಲಿ ನೋಡಿದ್ದ ಗೆರೆಗಳನ್ನು ಮತ್ತೆ ಕಲಿಯಲು ಇದು ದಾರಿ ಮಾಡಿದೆ. ಚಿತ್ತಾರ ಕಾಗದ, ಬಟ್ಟೆಗಳ ಮೇಲೂ ಬಂದು ಕೆಲವರಿಗೆ ಸಂಪಾದನೆಯಾಗಿದೆ. ಸ್ಪರ್ಧೆಯಿಂದ ಗೆರೆ ಉಳಿಯುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಬಹುಮಾನ ಪಡೆದು ಕಪಾಟಿಗೆ ಸೇರುವ ಬುಟ್ಟಿ ಹಚ್ಚಂಬಲಿ ಹೊರುವುದಿಲ್ಲ. ಗೆರೆಯ ಜೊತೆ ಗಿಡವನ್ನೂ ಉಳಿಸಬೇಕೆಂದರೆ ಅದಕ್ಕೊಂದು ಮಾದರಿ ಉತ್ತರ ಕನ್ನಡದ ಜೋಯಿಡಾದಲ್ಲಿದೆ: ಅಲ್ಲಿ ಕುಣಬಿ ಬೆಳೆಗಾರರು ನಡೆಸುವ ಗಡ್ಡೆಗೆಣಸು ಮೇಳದಲ್ಲಿ ಬಗೆಬಗೆಯ ಗಡ್ಡೆಗಳು ನೋಡಲಿಕ್ಕೂ ಕೊಳ್ಳಲಿಕ್ಕೂ ಸಿಗುತ್ತವೆ, ಮುಂದಿನ ಮಳೆಗೆ ನೆಡಲು ಬೀಜದ ಗಡ್ಡೆಯೂ ಕೈ ದಾಟುತ್ತದೆ. ಬುಟ್ಟಿಯ ಸ್ಪರ್ಧೆಯ ಪಕ್ಕದಲ್ಲಿ ಸೊಪ್ಪುಗಳನ್ನು ಗುರುತಿಸುವ ಒಂದು ಮೇಜು, ನಾಡ ಭತ್ತದ ಬೀಜ ಹಂಚುವ ಇನ್ನೊಂದು ಮೇಜು ಇಡುವುದಕ್ಕೆ ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ.

ಗದ್ದೆ ತೋಟವಾದ ಮನೆಗಳೂ ಹಬ್ಬವನ್ನು ಬಿಟ್ಟಿಲ್ಲ. ಅಲ್ಲಿ ಬಯಕೆಯೂಟ ಹೋಗುವುದು ಅಡಿಕೆ ತೋಟಕ್ಕೆ. ಮರದ ಬುಡದಲ್ಲಿ ಎಡೆ ಇಟ್ಟು, ಸಾಲಿನ ನಡುವೆ ಹಚ್ಚಂಬಲಿ ಬೀರಿ, ಕಾಲುವೆಯ ಅಂಚಿನಲ್ಲಿ ಕೂತು ಉಂಡು ಬರುತ್ತಾರೆ.